ಮೇಳಕ್ಕೆ ಅನ್ನ ಹಾಕಿದವರು

ಮಗನ ಕಂಠ ಚೆನ್ನಾಗಿದೆ ಎಂದು ನಾಲ್ಕು ಜನ ಹೊಗಳಿದರೆ ತಾಯಿಗೆ ಹಿಗ್ಗು; ತಂದೆಗೆ ಹಿಗ್ಗಿನ ಜೊತೆಗೆ ಒಂದಿಷ್ಟು ದಿಗಿಲು. ಗದಗ ತಾಲ್ಲೂಕಿನ ಹರ್ತಿಯಂಥ ಊರುಗಳಲ್ಲಿ ಶ್ರಾವಣ ಬಂತೆಂದರೆ ಗುಡಿಯಲ್ಲಿ ಭಜನೆ ಕೂಡುತ್ತದೆ. ಒಂದು ಪೆಟಿಗಿ, ಒಂದು ತಬಲಾ, ನಾಲ್ಕಾರು ಜೋಡಿ ತಾಳ. ಹಗಲೆಲ್ಲ ಎರೆಹೊಲದಲ್ಲಿ ದುಡಿದು ಬಂದವರೇ ರಾತ್ರಿ ಹಾಡುಗಾರರು. ಅವರ ನಡುವೆ ಹತ್ತು-ಹನ್ನೆರಡರ ಹುಡುಗನೊಬ್ಬ ಏರುದನಿಯಲ್ಲಿ ಪದ ಎತ್ತಿಕೊಂಡರೆ ಹಿರಿಯರು ತಲೆದೂಗುತ್ತಾರೆ. ‘ಚಲೋ ಕಂಠ ಐತಿ, ಎಲ್ಯಾರ ಕಲಿಯಾಕ ಹಚ್ಚಪಾ’ ಎನ್ನುತ್ತಾರೆ. ತಂದೆ ತಲೆಯಾಡಿಸುತ್ತಾನೆ. ಮನೆಗೆ ಬಂದ ಮೇಲೆ ಅವನ ಬಾಯಿಂದ ಬರುವ ಮಾತು ಒಂದೇ: ‘ಹಾಡ್ಕೋಂತ ಕುಂತ್ರ ನಾಳೆ ಹೊಟ್ಟಿಗೇನು?’

ಈ ಪ್ರಶ್ನೆಯನ್ನು ಅರಸಿಕತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಇದು ಬರಗಾಲ ಕಂಡ ಸೀಮೆಯ ರೈತನೊಬ್ಬನ ಪ್ರಶ್ನೆ ಮಾತ್ರವಲ್ಲ. ಮೈಸೂರಿನ ಅರಮನೆಯಲ್ಲಿ, ಲಂಡನ್ನಿನ ಸಂಗೀತ ಸಭಾಂಗಣದಲ್ಲಿ, ಗದಗಿನ ನಾಟಕ ಕಂಪನಿಯ ಡೇರೆಯಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ಭಾಷೆಗಳಲ್ಲಿ ಎದ್ದಿದೆ. ಸಂಗೀತದ ಇತಿಹಾಸ ಬರೆಯುವವರು ರಾಗ, ಘರಾಣೆ, ಗುರುಪರಂಪರೆಗಳನ್ನು ವಿಸ್ತಾರವಾಗಿ ಬರೆಯುತ್ತಾರೆ. ಹಾಡುವವರ ಮನೆಯ ಒಲೆ ಹೇಗೆ ಉರಿಯಿತು ಎಂಬುದು ಅದರಲ್ಲಿ ಅಡಿಟಿಪ್ಪಣಿಯಾಗಿ ಉಳಿದುಬಿಡುತ್ತದೆ. ಹಾಗೆ ನೋಡಿದರೆ ಅನೇಕ ಮೇಳಗಳ ಹುಟ್ಟು-ಸಾವುಗಳನ್ನು ನಿರ್ಧರಿಸಿದ್ದು ಆ ಒಲೆಯೇ.

ಒಬ್ಬ ಹಿಂದೂಸ್ತಾನಿ ಗಾಯಕ ಕಛೇರಿ ಮಾಡಬೇಕಾದರೆ ತಬಲಾಕ್ಕೆ ಒಬ್ಬರು, ಹಾರ್ಮೋನಿಯಂಗೆ ಒಬ್ಬರು, ತಂಬೂರಿಗೆ ಒಬ್ಬರು ಇದ್ದರೆ ಸಾಕು. ನಾಲ್ಕು ಜನರ ಊಟ, ನಾಲ್ಕು ಜನರ ಬಸ್ ಚಾರ್ಜು. ಪಶ್ಚಿಮದ ಸಿಂಫನಿ ಆರ್ಕೆಸ್ಟ್ರಾದ ಲೆಕ್ಕ ಹಾಗಲ್ಲ. ಅಲ್ಲಿ ವೇದಿಕೆ ಏರುವವರು 70ರಿಂದ 100 ಜನ. ಪಿಟೀಲು, ವಿಯೋಲ, ಚೆಲೊ, ಡಬಲ್ ಬೇಸ್ ಎಂಬ ತಂತಿವಾದ್ಯಗಳದ್ದೇ ದೊಡ್ಡ ಪಾಲು. ಅವರ ಹಿಂದೆ ಕೊಳಲು, ಓಬೊ, ಕ್ಲಾರಿನೆಟ್, ಬಸೂನುಗಳು. ಅವುಗಳಾಚೆ ಹಾರ್ನ್, ಟ್ರಂಪೆಟ್, ಟ್ರಾಂಬೋನುಗಳು. ಕಟ್ಟಕಡೆಗೆ ನಗಾರಿಯಂಥ ಚರ್ಮವಾದ್ಯಗಳು. ಕಛೇರಿಗೆ ಮೊದಲು ಓಬೊ ಒಂದು ಸ್ವರ ಹಿಡಿಯುತ್ತದೆ, ಉಳಿದವರೆಲ್ಲ ಅದಕ್ಕೆ ಶ್ರುತಿ ಕೂಡಿಸುತ್ತಾರೆ. ಪ್ರತಿಯೊಬ್ಬರ ಮುಂದೆಯೂ ಬರೆದ ಸ್ವರಲಿಪಿ. ತನ್ನ ಸರದಿ ಬರುವವರೆಗೆ ಎಷ್ಟೋ ಹೊತ್ತು ಸುಮ್ಮನೆ ಕುಳಿತು, ಎರಡೇ ಪೆಟ್ಟು ಬಾರಿಸಿ ಮತ್ತೆ ಸುಮ್ಮನಾಗುವ ಕಲಾವಿದರೂ ಅಲ್ಲಿರುತ್ತಾರೆ. ಆ ಎರಡು ಪೆಟ್ಟಿಗಾಗಿ ಅವರೂ ದಿನಾ ಅಭ್ಯಾಸ ಮಾಡಬೇಕು. ಅವರ ಮನೆಯಲ್ಲೂ ತಿಂಗಳ ಮೊದಲ ತಾರೀಖಿಗೆ ಸಂಬಳ ಬರಬೇಕು. ಇಂಥದೊಂದು ಮೇಳವನ್ನು ವರ್ಷಗಟ್ಟಲೆ ಸಾಕುವುದು ಒಂದು ಸಣ್ಣ ಊರನ್ನೇ ಸಾಕಿದ ಹಾಗೆ.

ಯೂರೋಪಿನಲ್ಲಿ ಮೊದಲು ಇದನ್ನು ಸಾಕಿದವರಲ್ಲಿ ಅರಸರೇ ಮುಖ್ಯರು. ಸಿಂಫನಿಯ ಪಿತಾಮಹ ಎನ್ನಿಸಿಕೊಂಡ ಹೈಡನ್ 1761ರಲ್ಲಿ ಎಸ್ಟರ್ಹಾಜಿ ಎಂಬ ಸಾಮಂತರ ಮನೆತನದ ಚಾಕರಿಗೆ ಸೇರಿದ. ಸಮವಸ್ತ್ರ ತೊಟ್ಟು, ಧಣಿ ಕೇಳಿದ್ದನ್ನು ಬರೆದುಕೊಡುವುದು ಅವನ ಕೆಲಸ. 1772ರಲ್ಲಿ ಧಣಿ ತನ್ನ ಬೇಸಿಗೆ ಅರಮನೆಯಲ್ಲೇ ಬಹಳ ದಿನ ಉಳಿದುಬಿಟ್ಟ. ಹೆಂಡಿರು ಮಕ್ಕಳನ್ನು ಬಿಟ್ಟುಬಂದಿದ್ದ ವಾದ್ಯಗಾರರಿಗೆ ಊರಿನ ಹಂಬಲ. ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲ. ಹೈಡನ್ ಆಗ ಒಂದು ಸಿಂಫನಿ ಬರೆದ. ಅದರ ಕೊನೆಯಲ್ಲಿ ಕಲಾವಿದರು ಒಬ್ಬೊಬ್ಬರಾಗಿ ನುಡಿಸುವುದನ್ನು ನಿಲ್ಲಿಸಿ, ತಮ್ಮ ಮುಂದಿನ ಮೇಣದ ಬತ್ತಿ ಆರಿಸಿ ಎದ್ದುಹೋಗುತ್ತಾರೆ. ಕಡೆಗೆ ಉಳಿಯುವುದು ಎರಡು ಪಿಟೀಲು ಮಾತ್ರ. ಧಣಿಗೆ ಅರ್ಥವಾಯಿತು; ಮರುದಿನವೇ ಎಲ್ಲರಿಗೂ ಊರಿಗೆ ಹೊರಡಲು ಅಪ್ಪಣೆಯಾಯಿತು ಎಂದು ಆ ಕಥೆ ಹೇಳುತ್ತಾರೆ. ಆ ಧಣಿ 1790ರಲ್ಲಿ ತೀರಿಕೊಂಡ. ಪಟ್ಟಕ್ಕೆ ಬಂದ ಮಗನಿಗೆ ಸಂಗೀತದಲ್ಲಿ ಆಸಕ್ತಿಯಿರಲಿಲ್ಲ. ಮೇಳದ ಬಹುಪಾಲು ಜನರನ್ನು ಕೆಲಸದಿಂದ ಬಿಡಿಸಿಬಿಟ್ಟ. ಹಲವು ವರ್ಷ ಕಟ್ಟಿದ್ದು ಒಬ್ಬ ಮನುಷ್ಯನ ಉಸಿರಿನೊಡನೆ ಮುಗಿಯಿತು.

ಕನ್ನಡ ನಾಡಿನಲ್ಲಿ ಇಂಥ ರಾಜಾಶ್ರಯ ಕಂಡ ಊರು ಮೈಸೂರು. ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಮೇಳವೂ ಇತ್ತು, ಕರ್ನಾಟಕ ಸಂಗೀತದ ವಾದ್ಯವೃಂದವೂ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲವರು. ಅವರ ಕಾಲದಲ್ಲಿ ಪಾಶ್ಚಾತ್ಯ ಮೇಳದ ಉಸ್ತುವಾರಿಗೆ ಜರ್ಮನಿಯ ಆಟೊ ಶ್ಮಿಟ್ ಇದ್ದರು. ವೈಣಿಕ ವೆಂಕಟಗಿರಿಯಪ್ಪನವರು ವಾದ್ಯಗಳಿಗೆಂದೇ ‘ನಗ್ಮಾ’ ಎಂಬ ಹೊಸ ಬಗೆಯ ರಚನೆಗಳನ್ನು ಮಾಡಿದರು. ವೀಣೆಯ ಊರೊಂದರಲ್ಲಿ ಟ್ರಂಪೆಟ್ಟಿಗೂ ಚೆಲೊಗೂ ಸಂಬಳದ ಪಟ್ಟಿಯಲ್ಲಿ ಜಾಗ ಸಿಕ್ಕಿತು. ದಸರೆಯ ದರ್ಬಾರಿನಲ್ಲಿ ಎರಡೂ ಬಗೆಯ ಸಂಗೀತ ಒಂದೇ ಸೂರಿನಡಿ ಕೇಳಿಸಿತು.

ಮೈಸೂರು ಎಲ್ಲಿ, ಗದಗು ಎಲ್ಲಿ ಎನ್ನಬೇಕಾಗಿಲ್ಲ. ಆ ದರ್ಬಾರಿನ ಔದಾರ್ಯದ ಫಲ ಉತ್ತರ ಕರ್ನಾಟಕಕ್ಕೂ ಹರಿದುಬಂತು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರು ಮೈಸೂರಿಗೆ ಹೋಗಿಬರುವ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿಗಳಲ್ಲಿ ತಂಗುತ್ತಿದ್ದರು. ತಂಗಿದಲ್ಲಿ ಹಾಡಿದರು, ಕಲಿಸಿದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾದರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರೂ, 1922ರಲ್ಲಿ ಗದಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರೂ ಕಲಿತರು. ಅರಸರು ಕೊಟ್ಟ ಸಂಭಾವನೆಯ ದಾರಿಯಲ್ಲೇ ಧಾರವಾಡ ಸೀಮೆ ಹಿಂದೂಸ್ತಾನಿ ಸಂಗೀತದ ಹೊಲವಾಯಿತು.

ನಾಲ್ವಡಿಯವರ ನಂತರ 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಿಯಾನೊ ಕಲಿತವರು, ಕರ್ನಾಟಕ ಶೈಲಿಯಲ್ಲಿ 94 ಕೃತಿಗಳನ್ನು ರಚಿಸಿದವರು. ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಎಂಬಾತ 1945ರಲ್ಲಿ ‘ಫಿಲ್ಹಾರ್ಮೋನಿಯಾ’ ಎಂಬ ಆರ್ಕೆಸ್ಟ್ರಾ ಕಟ್ಟಿದ್ದ. ಯುದ್ಧ ಮುಗಿದ ಕಾಲ. ಅಲ್ಲಿ ಬ್ರೆಡ್ಡಿಗೂ ಪಡಿತರ ಬಂದಿತ್ತು. ಆ ಮೇಳಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಮೈಸೂರಿನ ಮಹಾರಾಜರು ಮುಂದಾದರು. 1948ರಲ್ಲಿ ಫಿಲ್ಹಾರ್ಮೋನಿಯಾ ಸಂಗೀತ ಸಭೆಯ ಮೊದಲ ಅಧ್ಯಕ್ಷರೂ ಆದರು. ಲಂಡನ್ನಿನಲ್ಲಿ ಕಾಯಿಲೆ, ಬಡತನಗಳ ನಡುವೆ ಬದುಕುತ್ತಿದ್ದ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರನ ರಚನೆಗಳು ಧ್ವನಿಮುದ್ರಣವಾದದ್ದೂ ಮಹಾರಾಜರ ಹಣದಿಂದಲೇ. ಆತ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ನುಡಿಸಿದ್ದು ಇದೇ ಮೇಳ. ಖರ್ಚಿನ ಹೊಣೆ ಹೊತ್ತದ್ದು ಮೈಸೂರು. ಸ್ಟ್ರಾಸ್ ಅದನ್ನು ಕೇಳಲು ಉಳಿದಿರಲಿಲ್ಲ. ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದ.

ಆದರೆ ಅಷ್ಟರಲ್ಲಿ ಮೈಸೂರಿನ ಒಲೆಯ ಉರಿಯೇ ಇಳಿಯತೊಡಗಿತ್ತು. ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿತು. ಬೊಕ್ಕಸ ಪ್ರಜಾಸರ್ಕಾರದ ಕೈಗೆ ಬಂತು. 1971ರಲ್ಲಿ ರಾಜಧನವೂ ನಿಂತಿತು. ಇದರಲ್ಲಿ ಹಳಹಳಿಸಬೇಕಾದ್ದು ಏನೂ ಇಲ್ಲ. ಆ ಹಣ ಮೊದಲಿನಿಂದಲೂ ಪ್ರಜೆಗಳ ಕಂದಾಯವೇ ತಾನೆ! ಆದರೆ ಮೇಳದ ಗತಿ? ಎಸ್ಟರ್ಹಾಜಿಯ ಮೇಳದಂತೆ ಮೈಸೂರಿನದು ಬೀದಿಗೆ ಬೀಳಲಿಲ್ಲ. ಅರಮನೆಯ ಬ್ಯಾಂಡು ಪೊಲೀಸ್ ಇಲಾಖೆಗೆ ಸೇರಿತು. ಇಂದಿಗೂ ದಸರೆಯಲ್ಲಿ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ವಾದ್ಯವೃಂದ ಎರಡನ್ನೂ ನುಡಿಸುವವರು ಪೊಲೀಸರು. ಖಾಕಿ ಕಂಡರೆ ಹೆದರುವ ಮಕ್ಕಳು ಅದೇ ಇಲಾಖೆಯವರ ಕೈಯಲ್ಲಿ ಪಿಟೀಲು ಕಂಡು ಬೆರಗಾಗುತ್ತಾರೆ. ಸರ್ಕಾರಿ ಸಂಬಳ, ಪಿಂಚಣಿಗಳ ನೆರಳಿನಲ್ಲಿ ಒಂದು ಪರಂಪರೆ ಉಳಿದುಕೊಂಡಿತು.

ಅತ್ತ ಲಂಡನ್ನಿನಲ್ಲಿ 1964ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಕಟ್ಟಿದ ಲೆಗ್ ಸಾಹೇಬನೇ ಫಿಲ್ಹಾರ್ಮೋನಿಯಾವನ್ನು ನಿಲ್ಲಿಸುವುದಾಗಿ ಸಾರಿದ. ಕಲಾವಿದರು ಚದುರಲಿಲ್ಲ. ತಾವೇ ಒಟ್ಟುಗೂಡಿ, ‘ನ್ಯೂ ಫಿಲ್ಹಾರ್ಮೋನಿಯಾ’ ಎಂದು ಹೆಸರಿಟ್ಟುಕೊಂಡು, ಆಡಳಿತವನ್ನು ತಮ್ಮ ಕೈಗೇ ತೆಗೆದುಕೊಂಡರು. 1977ರಲ್ಲಿ ಹಳೆಯ ಹೆಸರೂ ಮರಳಿ ಸಿಕ್ಕಿತು. ಮಹಾರಾಜರ ನೆರವು ನಿಂತು, ಕಟ್ಟಿದವನೂ ಕೈಬಿಟ್ಟ ಮೇಲೆ ಆ ಮೇಳವನ್ನು ಉಳಿಸಿದ್ದು ನುಡಿಸುವವರ ಒಗ್ಗಟ್ಟು.

ಅರಮನೆಯೂ ಇಲ್ಲದ, ಲಂಡನ್ನಿನಂಥ ಶ್ರೀಮಂತ ಶ್ರೋತೃಗಳೂ ಇಲ್ಲದ ಸೀಮೆಯಲ್ಲಿ ಸಂಗೀತಗಾರರು ಬದುಕಿದ್ದು ಹೇಗೆ? ಇದಕ್ಕೆ ಉತ್ತರ ಗದಗಿನಲ್ಲಿದೆ. ಹತ್ತಿ, ಜೋಳ, ಮೆಣಸಿನಕಾಯಿಯ ಪೇಟೆಯಾದ ಈ ಊರಿನಲ್ಲಿ ಸಿಂಫನಿ ಆರ್ಕೆಸ್ಟ್ರಾ ಹುಟ್ಟಲಿಲ್ಲ. ಆದರೆ ಸಂಬಳಕ್ಕೆ ನುಡಿಸುವ ಮೇಳ ಇಲ್ಲಿ ಬಹಳ ಹಿಂದೆಯೇ ಇತ್ತು. ಅದು ಇದ್ದದ್ದು ನಾಟಕದ ರಂಗದ ಮುಂದೆ. ಗರೂಡ ಸದಾಶಿವರಾಯರ ಕಂಪನಿ, ಶಿರಹಟ್ಟಿ ವೆಂಕೋಬರಾಯರ ಕಂಪನಿಗಳ ಕಾಲದಲ್ಲಿ ನಾಟಕವೆಂದರೆ ಮಾತಿಗಿಂತ ಹಾಡೇ ಹೆಚ್ಚು. ಕಾಲಿನಿಂದ ತುಳಿದು ನುಡಿಸುವ ಪೆಟಿಗಿ, ತಬಲಾ, ಪಿಟೀಲುಗಳು ರಾತ್ರಿಯಿಡೀ ಮೊಳಗಬೇಕು. ಚಕ್ಕಡಿ ಕಟ್ಟಿಕೊಂಡು ಬಂದ ಹಳ್ಳಿಯವರು ಕೊಟ್ಟ ತಿಕೀಟಿನ ಆಣೆಗಳಲ್ಲಿ ಆ ವಾದ್ಯಗಾರರ ಅನ್ನವಿತ್ತು. ನಾಟಕ ಓಡಿದರೆ ಹಬ್ಬ, ಮಳೆ ಬಂದು ಡೇರೆ ತೊಯ್ದರೆ ಉಪವಾಸ. ಅಂಥ ಕಂಪನಿಗಳೇ ಎಷ್ಟೋ ಗವಾಯಿಗಳ ಮೊದಲ ಶಾಲೆ. ಮಲ್ಲಿಕಾರ್ಜುನ ಮನ್ಸೂರರು ಬಾಲನಟರಾಗಿ ಹಾಡಿದ್ದು ನಾಟಕ ಕಂಪನಿಯಲ್ಲಿ. ಅಲ್ಲಿಯೇ ನೀಲಕಂಠಬುವಾ ಅವರ ಕಿವಿಗೆ ಬಿದ್ದು ಶಿಷ್ಯರಾದರು.

ಅದೇ ನೀಲಕಂಠಬುವಾ ಅವರಲ್ಲಿ ಕಲಿತ ಇನ್ನೊಬ್ಬರು ಪಂಚಾಕ್ಷರ ಗವಾಯಿಗಳು. 1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಇವರಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಹುಡುಗನ ಕಂಠ ಗುರುತಿಸಿ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಕಲಿತು ದೊಡ್ಡವರಾದ ಮೇಲೆ ಗವಾಯಿಗಳು ಅರಮನೆಯ ಬಾಗಿಲಿಗೆ ಹೋಗಿ ನಿಲ್ಲಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಜೊತೆಗೆ ಕಟ್ಟಿಕೊಂಡು ಊರೂರು ತಿರುಗಿದರು. ಹೋದಲ್ಲೇ ಪಾಠ, ಹೋದಲ್ಲೇ ಊಟ. ಜಾತಿ ಕೇಳಲಿಲ್ಲ, ಫೀ ಕೇಳಲಿಲ್ಲ. ಭಕ್ತರು ಕೊಟ್ಟ ಜೋಳದ ಚೀಲದ ಮೇಲೆ ಅವರ ಶಾಲೆ ನಡೆಯಿತು. ಆ ಸಂಚಾರಿ ಶಾಲೆ ಮುಂದೆ ಗದಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು.

ಗುರುವಿನ ದೊಡ್ಡತನಕ್ಕೆ ಒಂದು ಪ್ರಸಂಗ ಸಾಕು. 1936ರಲ್ಲಿ ವಿಜಯನಗರ ಸ್ಥಾಪನೆಯ 600ನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆಯಿತು. ಅಲ್ಲಿ ಹಾಡಲು ಹದಿಹರೆಯದ ಶಿಷ್ಯ ಬಸವರಾಜ ರಾಜಗುರು ಕುಳಿತಾಗ ತಬಲಾ ಸಾಥಿಗೆ ಕುಳಿತದ್ದು ಪಂಚಾಕ್ಷರ ಗವಾಯಿಗಳೇ. ತಾನು ಮುಂದೆ ಕುಳಿತು ಮೆರೆಯಬಹುದಾಗಿದ್ದ ಗುರು ಶಿಷ್ಯನಿಗೆ ಠೇಕಾ ಹಿಡಿದರು. ಆ ಶಿಷ್ಯ ಮುಂದೆ ದೇಶದ ದೊಡ್ಡ ಗಾಯಕರಲ್ಲೊಬ್ಬರಾದರು.

1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಎಸ್ಟರ್ಹಾಜಿಯಲ್ಲಿ ಆದಂತೆ ಎಲ್ಲವೂ ಮುಗಿಯಬೇಕಿದ್ದ ಗಳಿಗೆ ಅದು. ಮುಗಿಯಲಿಲ್ಲ. ಶಿಷ್ಯ ಪುಟ್ಟರಾಜ ಗವಾಯಿಗಳು ಹೊಣೆ ಹೊತ್ತರು. 1914ರಲ್ಲಿ ಹಾವೇರಿ ಸೀಮೆಯ ದೇವಗಿರಿಯಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ, ಹೀಗೆ ಕೈಗೆ ಸಿಕ್ಕ ವಾದ್ಯವನ್ನೆಲ್ಲ ನುಡಿಸಬಲ್ಲವರು. ಒಬ್ಬರೇ ಒಂದು ವಾದ್ಯವೃಂದ. ಆಶ್ರಮದ ಅನ್ನಕ್ಕಾಗಿ ನಾಟಕ ಸಂಘ ನಡೆಸಿದರು, ನಾಟಕ ಬರೆದರು, ಊರಿಂದೂರಿಗೆ ಕ್ಯಾಂಪು ಹಾಕಿದರು. ಅವರ ಖ್ಯಾತಿ ಬೆಳೆದಂತೆ ಜನ ಅವರನ್ನು ತಕ್ಕಡಿಯಲ್ಲಿ ಕೂರಿಸಿ ತುಲಾಭಾರ ಮಾಡತೊಡಗಿದರು. ಇನ್ನೊಂದು ತಟ್ಟೆಯಲ್ಲಿ ನಾಣ್ಯ, ಕೆಲವೆಡೆ ದವಸ. ಇಳಿದು ಬಂದ ಮೇಲೆ ಅದೆಲ್ಲ ಸೇರುತ್ತಿದ್ದದ್ದು ಆಶ್ರಮದ ಅಡುಗೆಮನೆಗೆ. ತಮ್ಮ ಮೈಭಾರವನ್ನೇ ಮಕ್ಕಳ ಊಟವಾಗಿ ಮಾರ್ಪಡಿಸಿದ ಗುರು ಅವರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರೂ ಲಿಂಗೈಕ್ಯರಾದರು. 66 ವರ್ಷ ಒಲೆ ಆರದಂತೆ ಕಾಯ್ದಿದ್ದರು. ಅವರ ನಂತರವೂ ಆಶ್ರಮ ನಡೆದಿದೆ. ಅಂಧ, ಅನಾಥ, ಬಡ ಮಕ್ಕಳಿಗೆ ಇಂದಿಗೂ ಅಲ್ಲಿ ಊಟ, ವಸತಿ, ಪಾಠ ಎಲ್ಲವೂ ಉಚಿತ.

ಭಾರತದಲ್ಲಿ ನಿಜವಾದ ಅರ್ಥದ ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾ ಬಂದದ್ದು ಇತ್ತೀಚೆಗೆ, 2006ರಲ್ಲಿ, ಮುಂಬಯಿಯಲ್ಲಿ. ಅಲ್ಲಿನ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದ ಖುಸ್ರೂ ಸಂತೂಕ್, ಕಜಕಸ್ತಾನದ ಪಿಟೀಲು ವಾದಕ ಮರಾತ್ ಬಿಸೆಂಗಲಿಯೆವ್ ಸೇರಿ ಅದನ್ನು ಕಟ್ಟಿದರು. ಹಣ ಹೊಂದಿಸಬಹುದು, ವಾದ್ಯ ತರಿಸಬಹುದು, ನುಡಿಸುವವರು ಬೇಕಲ್ಲ? ಕಲಾವಿದರಲ್ಲಿ ಹಲವರನ್ನು ಹೊರದೇಶಗಳಿಂದಲೇ ಕರೆಸಬೇಕಾಯಿತು. ಚಿಕ್ಕಂದಿನಿಂದ ಕಲಿತ ಮಕ್ಕಳು ಇಲ್ಲಿ ಸಾಕಷ್ಟು ಇಲ್ಲದಿದ್ದದ್ದೇ ಕಾರಣ. ಹಾಗಾಗಿ ಆ ಸಂಸ್ಥೆ ಈಗ ಮಕ್ಕಳಿಗೂ ಪಾಠ ಹೇಳುತ್ತಿದೆ. ಗದಗಿನವರು ಮೊದಲು ಮಕ್ಕಳನ್ನು ಕೂಡಿಸಿದರು, ಮೇಳ ತಾನಾಗಿ ಆಯಿತು. ಮುಂಬಯಿಯವರು ಮೊದಲು ಮೇಳ ಕೂಡಿಸಿದರು, ಮಕ್ಕಳನ್ನು ಈಗ ಹುಡುಕುತ್ತಿದ್ದಾರೆ.

ಹೊಟ್ಟೆಗೇನು ಎಂದು ಕೇಳುವ ತಂದೆಗೆ ಈ ಇತಿಹಾಸ ಸುಳ್ಳು ಭರವಸೆ ಕೊಡುವುದಿಲ್ಲ. ಕಲಿತವರೆಲ್ಲ ಭೀಮಸೇನ ಜೋಶಿ ಆಗುವುದಿಲ್ಲ. ಬಹಳಷ್ಟು ಜನ ಶಾಲೆಗಳಲ್ಲಿ ಸಂಗೀತದ ಮಾಸ್ತರರಾಗುತ್ತಾರೆ. ಕೆಲವರು ಆಕಾಶವಾಣಿಯಲ್ಲಿ, ಕೆಲವರು ಪೊಲೀಸ್ ಬ್ಯಾಂಡಿನಲ್ಲಿ ನೆಲೆ ಕಾಣುತ್ತಾರೆ. ಇನ್ನು ಕೆಲವರು ಮಠ, ಜಾತ್ರೆಗಳಲ್ಲಿ ಪ್ರವಚನಕ್ಕೆ ಹಾಡುತ್ತ ಸಂಸಾರ ತೂಗಿಸುತ್ತಾರೆ. ಇವು ಸಣ್ಣ ಬದುಕುಗಳಲ್ಲ. ಸಿಂಫನಿಯಲ್ಲಿ ಎರಡೇ ಪೆಟ್ಟು ಬಾರಿಸುವವನಿಲ್ಲದಿದ್ದರೆ ಸಿಂಫನಿ ಕುಂಟುವಂತೆ, ಇಂಥವರಿಲ್ಲದಿದ್ದರೆ ಊರಿನ ಸಂಗೀತ ನಿಲ್ಲುತ್ತದೆ. ಶಾಲೆಯ ಪಾಠ ಬಿಡಿಸದೆ, ಬೆಳಿಗ್ಗೆ ಒಂದು ತಾಸು ಸಾಧನೆಗೆ ಅವಕಾಶ ಮಾಡಿಕೊಡುವುದು ತಂದೆ-ತಾಯಿಗಳ ಕೈಯಲ್ಲಿದೆ. ಆ ತಾಸನ್ನು ಉಳಿಸಿಕೊಳ್ಳುವುದು ವಿದ್ಯಾರ್ಥಿಯ ಕೈಯಲ್ಲಿದೆ. ಆದರೆ ಉಳಿದ ಪಾಲು ಊರಿನದು. ಕೇಳುವಾಗ ‘ವಾಹ್ವಾ’ ಎಂದು, ಕೊಡುವಾಗ ಕೈ ಹಿಂದೆ ಸರಿಸುವ ಊರಿನಲ್ಲಿ ಯಾವ ತಂದೆಯೂ ಮಗನನ್ನು ಹಾಡಲು ಕಳಿಸಲಾರ. ಅದು ಅವನ ತಪ್ಪಲ್ಲ.

ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಒಬ್ಬ ಹುಡುಗನ ಮನೆತನ ತೊಗಲುಗೊಂಬೆ ಆಡಿಸುವವರದು. ಹೊಲಮನೆಯ ಆಸರೆಯಿಲ್ಲ, ದೊಡ್ಡವರ ಶಿಫಾರಸಿಲ್ಲ. ಸೋದರಮಾವ ಅವನನ್ನು ಗದಗಿನ ಆಶ್ರಮಕ್ಕೆ ತಂದು ಬಿಟ್ಟರು. ಪುಟ್ಟರಾಜ ಗವಾಯಿಗಳ ಬಳಿ ಹನ್ನೊಂದು-ಹನ್ನೆರಡು ವರ್ಷ ಉಂಡು, ಕಲಿತು ಹೊರಬಂದ ಆ ಹುಡುಗನೇ ಪಂಡಿತ ವೆಂಕಟೇಶ ಕುಮಾರ್. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಷ್ಟು ವರ್ಷ ಅವರ ತಾಟಿಗೆ ಬಿದ್ದ ರೊಟ್ಟಿಯ ಜೋಳವನ್ನು ಯಾವ ಊರಿನ ಯಾವ ರೈತ ಆಶ್ರಮಕ್ಕೆ ಕೊಟ್ಟಿದ್ದನೆಂದು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ಚೀಲ ಅಳೆದು ಕೊಟ್ಟು, ತನ್ನ ಎತ್ತಿನ ಗಾಡಿ ಹೊಡೆದುಕೊಂಡು ಆತ ಮನೆಗೆ ಹೋಗಿರಬೇಕು.